ಹಾಕಿಗೆ 41 ರಾತ್ರಿ, ಉಳಿದ 324 ಯಾರ ಪಾಲು?

ಪ್ರಧಾನಿ ನರೇಂದ್ರ ಮೋದಿ ಅಮೆರಿಕ ಮತ್ತು ಕೆನಡಾದಲ್ಲಿ ಅನಿವಾಸಿ ಭಾರತೀಯರ ಮುಂದೆ ಮಾಡಿದ ದೊಡ್ಡ ಭಾಷಣಗಳನ್ನು ಒಮ್ಮೆ ನೆನಪಿಸಿಕೊಳ್ಳಿ. 2014ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. 2015ರ ಏಪ್ರಿಲ್‌ನಲ್ಲಿ ಟೊರಾಂಟೊದ ರಿಕೋ ಕೊಲಿಸಿಯಂ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಹೋಸೆಯ ಎಸ್‌ಎಪಿ ಸೆಂಟರ್. 2024ರ ಸೆಪ್ಟೆಂಬರ್‌ನಲ್ಲಿ ಲಾಂಗ್ ಐಲೆಂಡ್‌ನ ನಸಾವ್ ಕೊಲಿಸಿಯಂ. ಟಿವಿಯಲ್ಲಿ ನಾವು ನೋಡಿದ್ದು ಧ್ವಜ, ಘೋಷಣೆ, ಸೆಲ್ಫಿ. ಕಟ್ಟಡದ ಕಡೆ ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ.

ಈ ನಾಲ್ಕೂ ಹಾಕಿ ಅರೀನಾಗಳು. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ನ್ಯೂಯಾರ್ಕ್ ರೇಂಜರ್ಸ್ ತಂಡದ ತವರು. ಎಸ್‌ಎಪಿ ಸೆಂಟರ್ ಸ್ಯಾನ್ ಹೋಸೆ ಶಾರ್ಕ್ಸ್ ತಂಡದ್ದು. ನಸಾವ್ ಕೊಲಿಸಿಯಂನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ದಶಕಗಳ ಕಾಲ ಆಡಿದರು. ರಿಕೋ ಕೊಲಿಸಿಯಂ ಎರಡನೇ ದರ್ಜೆಯ ಲೀಗ್‌ನ ಟೊರಾಂಟೊ ಮಾರ್ಲೀಸ್ ತಂಡದ ಅಂಗಳ. ಹಾಕಿ ಅಂದ ಕೂಡಲೇ ನಮಗೆ ಕೊಡಗು, ಆಸ್ಟ್ರೋಟರ್ಫ್, ಒಲಿಂಪಿಕ್ಸ್ ನೆನಪಾಗುತ್ತದೆ. ಉತ್ತರ ಅಮೆರಿಕದಲ್ಲಿ ಆ ಪದಕ್ಕೆ ಒಂದೇ ಅರ್ಥ: ಮಂಜುಗಡ್ಡೆ ಮೇಲೆ ಸ್ಕೇಟ್ ಕಟ್ಟಿಕೊಂಡು, ಚಪ್ಪಟೆ ರಬ್ಬರ್ ಪಕ್ ಹೊಡೆಯುವ ಆಟ. ಅದಕ್ಕೆಂದೇ ಕಟ್ಟಿದ ಹದಿನೈದರಿಂದ ಇಪ್ಪತ್ತು ಸಾವಿರ ಸೀಟಿನ ಮುಚ್ಚಿದ ಅಂಗಳಗಳಲ್ಲಿ ಇವತ್ತು ಭಾಷಣ, ಸಂಗೀತ, ಕುಸ್ತಿ, ಸರ್ಕಸ್, ಪಕ್ಷದ ಸಮಾವೇಶ ಎಲ್ಲವೂ ನಡೆಯುತ್ತದೆ. 2024ರ ಆಗಸ್ಟ್‌ನಲ್ಲಿ ಡೆಮಾಕ್ರಟಿಕ್ ಪಕ್ಷ ಕಮಲಾ ಹ್ಯಾರಿಸ್ ಅವರನ್ನು ಅಧ್ಯಕ್ಷೀಯ ಅಭ್ಯರ್ಥಿಯಾಗಿ ಮೆರೆಸಿದ್ದು ಶಿಕಾಗೋದ ಯುನೈಟೆಡ್ ಸೆಂಟರ್‌ನಲ್ಲಿ. ಅದು ಬ್ಲ್ಯಾಕ್‌ಹಾಕ್ಸ್ ಹಾಕಿ ತಂಡದ ಮನೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಈ ಅರೀನಾಗಳಿಗೆ ಸಾರ್ವಜನಿಕರ ದುಡ್ಡು ಸುರಿಯುವ ಇನ್ನೊಂದು ಸುತ್ತು ನಡೆದಿದೆ. ಕೆನಡಾದ ಕ್ಯಾಲ್ಗರಿಯಲ್ಲಿ ಹೊಸ ಅರೀನಾ ಮೇಲೇಳುತ್ತಿದೆ, 2027ಕ್ಕೆ ಬಾಗಿಲು ತೆರೆಯಬೇಕು. ಸಿಲಿಕಾನ್ ವ್ಯಾಲಿಯ ಸ್ಯಾನ್ ಹೋಸೆ ನಗರಸಭೆ ತನ್ನದೇ ಮಾಲೀಕತ್ವದ ಎಸ್‌ಎಪಿ ಸೆಂಟರ್ ನವೀಕರಣಕ್ಕೆ 2025ರಲ್ಲಿ ಒಪ್ಪಂದ ಮಾಡಿಕೊಂಡಿದೆ. ನಗರದ ಪಾಲು 32.5 ಕೋಟಿ ಡಾಲರ್, ಶಾರ್ಕ್ಸ್ ತಂಡದ ಪಾಲು 10 ಕೋಟಿ. ಬದಲಿಗೆ ತಂಡ ಇನ್ನೂ 25 ವರ್ಷ ಊರು ಬಿಡುವುದಿಲ್ಲ. ಆ ಊರಿನಲ್ಲಿ ಮನೆ ಮಾಡಿ, ಆಸ್ತಿ ತೆರಿಗೆ ಕಟ್ಟುತ್ತಿರುವ ಕನ್ನಡಿಗರ ಸಂಖ್ಯೆ ಸಣ್ಣದೇನಲ್ಲ. ಹಾಗಾಗಿ ಇದು ನಮಗೆ ಸಂಬಂಧವೇ ಇಲ್ಲದ ಸುದ್ದಿ ಅಂತ ತಳ್ಳಿಹಾಕೋಕೆ ಬರಲ್ಲ.

ಎಲ್ಲ ಕಡೆಯೂ ದುಡ್ಡು ಕೇಳುವುದು ಹಾಕಿಯ ಹೆಸರಿನಲ್ಲಿ. "ತಂಡ ಉಳಿಯಬೇಕು ಅಂದ್ರೆ ಅರೀನಾ ಬೇಕು" ಅನ್ನೋದೇ ವಾದ. ಆದರೆ ಲೆಕ್ಕ ಹಾಕಿ ನೋಡಿ. ರಾಷ್ಟ್ರೀಯ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನಲ್ಲಿ ಒಂದು ತಂಡಕ್ಕೆ ಸೀಸನ್‌ಗೆ 82 ಲೀಗ್ ಪಂದ್ಯ. ಅರ್ಧ ತವರಿನಲ್ಲಿ, ಅರ್ಧ ಹೊರಗೆ. ಅಂದರೆ ಊರಿನ ಅರೀನಾದಲ್ಲಿ 41 ರಾತ್ರಿ. 2026-27ರಿಂದ 84 ಪಂದ್ಯ, ಆಗ 42 ರಾತ್ರಿ. ಅಭ್ಯಾಸ ಪಂದ್ಯ, ಪ್ಲೇಆಫ್ ಸೇರಿಸಿದರೂ ವರ್ಷದ ಬಹುಪಾಲು ರಾತ್ರಿಗಳಲ್ಲಿ ಅಲ್ಲಿ ಎನ್‌ಎಚ್‌ಎಲ್ ಹಾಕಿ ಇರುವುದಿಲ್ಲ. ಆ ಉಳಿದ 320 ಚಿಲ್ಲರೆ ರಾತ್ರಿಗಳು ಯಾರ ಕೈಯಲ್ಲಿವೆ? ಈ ಒಪ್ಪಂದಗಳಲ್ಲಿ ನಿಜವಾಗಿ ಚೌಕಾಶಿ ಆಗಬೇಕಾದದ್ದು ಇದೇ ಎಂಬುದು ನನ್ನ ವಾದ. ಗೋಡೆ, ಸೂರು ಯಾರದ್ದು ಅನ್ನೋದು ಆಮೇಲಿನ ಮಾತು.

ಖಾಲಿ ರಾತ್ರಿಗಳ ಹಳೇ ಕತೆ

ಖಾಲಿ ರಾತ್ರಿಗಳ ಚಿಂತೆ ಹೊಸದಲ್ಲ. ಇಂದಿನ ಅರ್ಧ ಮನರಂಜನಾ ಉದ್ಯಮ ಹುಟ್ಟಿದ್ದೇ ಅದರಿಂದ ಅನ್ನಬಹುದು.

ಟೊರಾಂಟೊದ ಮೇಪಲ್ ಲೀಫ್ ಗಾರ್ಡನ್ಸ್ ನೋಡಿ. ಆರ್ಥಿಕ ಮಹಾಕುಸಿತದ ನಡುವೆ, ಸುಮಾರು ಐದೇ ತಿಂಗಳಲ್ಲಿ ಕಟ್ಟಿ, 1931ರ ನವೆಂಬರ್‌ನಲ್ಲಿ ತೆರೆದ ಹಾಕಿ ಅರೀನಾ ಅದು. ಮರುವರ್ಷವೇ ವಿನ್‌ಸ್ಟನ್ ಚರ್ಚಿಲ್ ಅಲ್ಲಿ ಉಪನ್ಯಾಸ ಕೊಟ್ಟರು. 1957ರಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಿದರು. ಬೀಟಲ್ಸ್ 1964, 65, 66 ಹೀಗೆ ಮೂರು ವರ್ಷ ಸಾಲಾಗಿ ಬಂದರು. 1966ರ ಮಾರ್ಚ್‌ನಲ್ಲಿ ಮುಹಮ್ಮದ್ ಅಲಿ ಮತ್ತು ಜಾರ್ಜ್ ಚುವಾಲೊ ನಡುವಿನ ಬಾಕ್ಸಿಂಗ್ ಕಾಳಗ ನಡೆದದ್ದೂ ಅಲ್ಲೇ.

1940ರಲ್ಲಿ ಅಮೆರಿಕದ ಪೂರ್ವ ಭಾಗದ ಅರೀನಾ ಮಾಲೀಕರು, ಮ್ಯಾನೇಜರ್‌ಗಳು ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಸೇರಿದರು. ಮಂಜುಗಡ್ಡೆ ಹೇಗೂ ಇದೆ, ಪಂದ್ಯ ಇಲ್ಲದ ದಿನ ಅದರ ಮೇಲೆ ಏನಾದರೂ ಆಡಿಸಬೇಕಲ್ಲ? ಹಾಗೆ ಹುಟ್ಟಿದ್ದು ಐಸ್ ಕಪೇಡ್ಸ್ ಎಂಬ ಸ್ಕೇಟಿಂಗ್ ನೃತ್ಯದ ಕಂಪನಿ. ದಶಕಗಳ ಕಾಲ ಅದು ಊರೂರು ಸುತ್ತಿತು.

ಇನ್ನೂ ಸ್ವಾರಸ್ಯದ ಕತೆ 1946ರದ್ದು. ಆ ವರ್ಷ ಜೂನ್ 6ರಂದು ನ್ಯೂಯಾರ್ಕಿನಲ್ಲಿ ಸಭೆ ಸೇರಿದವರು ಬಹುತೇಕ ಹಾಕಿ ಅರೀನಾಗಳ ಒಡೆಯರು. ಹಾಕಿ ಇಲ್ಲದ ರಾತ್ರಿಗಳಿಗೆ ಬಾಸ್ಕೆಟ್‌ಬಾಲ್ ಲೀಗ್ ಮಾಡೋಣ ಅಂತ ತೀರ್ಮಾನಿಸಿದರು. ಅಧ್ಯಕ್ಷರಾಗಿ ಆರಿಸಿದ್ದು ಮಾರಿಸ್ ಪೊಡೊಲಾಫ್ ಅವರನ್ನು. ಅವರು ಆಗಲೇ ಅಮೆರಿಕನ್ ಹಾಕಿ ಲೀಗ್‌ನ ಅಧ್ಯಕ್ಷರಾಗಿದ್ದವರು. ನವೆಂಬರ್ 1ರಂದು ಮೇಪಲ್ ಲೀಫ್ ಗಾರ್ಡನ್ಸ್‌ನಲ್ಲೇ ಮೊದಲ ಪಂದ್ಯ. ನ್ಯೂಯಾರ್ಕ್ 68, ಟೊರಾಂಟೊ 66. ಇವತ್ತು ಜಗತ್ತು ಎನ್‌ಬಿಎ ಎಂದು ಕರೆಯುವ ಲೀಗ್‌ನ ಮೂಲ ಅದು. ಹಾಕಿ ಅರೀನಾದ ಖಾಲಿ ರಾತ್ರಿ ತುಂಬಲು ಶುರುವಾದ ಆಟ ಇಂದು ಆದಾಯದಲ್ಲಿ ಹಾಕಿಯನ್ನೇ ಹಿಂದೆ ಹಾಕಿದೆ.

ನೆಲದಡಿ ಮಂಜು, ನೆತ್ತಿಯ ಮೇಲೆ ಭಾರ

ನಾನು ಓದಿದ್ದು ಇಂಜಿನಿಯರಿಂಗ್, ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು. ಹಾಗಾಗಿ ದುಡ್ಡಿನ ಮಾತಿಗೆ ಮುಂಚೆ ಈ ಕಟ್ಟಡದ ಒಳಗು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಇದು ಗೊತ್ತಾದರೆ ದುಡ್ಡಿನ ಲೆಕ್ಕವೂ ಸುಲಭವಾಗಿ ಅರ್ಥವಾಗುತ್ತದೆ.

ಎನ್‌ಎಚ್‌ಎಲ್ ಅಂಗಳದ ಅಳತೆ 200 ಅಡಿ ಉದ್ದ, 85 ಅಡಿ ಅಗಲ. ಕಾಂಕ್ರೀಟ್ ಹಾಸಿನೊಳಗೆ ಕಿಲೋಮೀಟರ್‌ಗಟ್ಟಲೆ ಕೊಳವೆ. ಅದರಲ್ಲಿ ಉಪ್ಪುನೀರು ಅಥವಾ ಗ್ಲೈಕಾಲ್ ದ್ರಾವಣ ಸೊನ್ನೆಗಿಂತ ಸಾಕಷ್ಟು ಕೆಳಗಿನ ತಾಪಮಾನದಲ್ಲಿ ಸುತ್ತುತ್ತಿರುತ್ತದೆ. ಕಾಂಕ್ರೀಟ್ ತಣ್ಣಗಾದ ಮೇಲೆ ಅದರ ಮೇಲೆ ತೆಳು ತೆಳು ಪದರವಾಗಿ ನೀರು ಚಿಮ್ಮಿಸಿ ಹೆಪ್ಪುಗಟ್ಟಿಸುತ್ತಾರೆ. ನಡುವೆ ಬಿಳಿ ಬಣ್ಣ, ಗೆರೆಗಳು, ಲೋಗೊ. ಎಲ್ಲ ಸೇರಿ ಮಂಜುಗಡ್ಡೆಯ ದಪ್ಪ ಒಂದು ಇಂಚಿನ ಆಸುಪಾಸು, ಅಷ್ಟೇ. ಇಷ್ಟನ್ನು ಮಾಡಲು ದಿನಗಳೇ ಬೇಕು. ಹಾಗಾಗಿ ಸೀಸನ್ ನಡುವೆ ಯಾರೂ ಅದನ್ನು ಕರಗಿಸುವುದಿಲ್ಲ. ಶಾಖ ತಡೆಯುವ ಹಲಗೆಗಳನ್ನು ಮೇಲೆ ಜೋಡಿಸಿ ಮುಚ್ಚುತ್ತಾರೆ. ಹಲಗೆ ಮೇಲೆ ಬಾಸ್ಕೆಟ್‌ಬಾಲ್‌ನ ಮರದ ಅಂಕಣ, ಇಲ್ಲವೇ ಸಂಗೀತ ಕಾರ್ಯಕ್ರಮದ ಕುರ್ಚಿ. ಚಳಿಗಾಲದಲ್ಲಿ ಇಂಥ ಅರೀನಾದಲ್ಲಿ ನೆಲದ ಸೀಟಿನ ದುಬಾರಿ ಟಿಕೆಟ್ ಕೊಂಡವರು ಪಾದ ಯಾಕೆ ತಣ್ಣಗಾಗ್ತಿದೆ ಅಂತ ಯೋಚಿಸಿದ್ದರೆ, ಕಾರಣ ಇದು.

ಸಿಬ್ಬಂದಿ ರಾತ್ರೋರಾತ್ರಿ ಅಂಗಳ ಬದಲಿಸುತ್ತಾರೆ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಂಥ ಕಡೆ ಮಧ್ಯಾಹ್ನ ಒಂದು ಆಟ, ರಾತ್ರಿ ಇನ್ನೊಂದು ಆಗುವುದೂ ಉಂಟು. ಆದರೆ ಎಲ್ಲ ಬದಲಾವಣೆಗೂ ಕಟ್ಟಡ ಬಗ್ಗುವುದಿಲ್ಲ. ಬಾಸ್ಕೆಟ್‌ಬಾಲ್ ಅಂಕಣ 94 ಅಡಿಗೆ 50 ಅಡಿ ಮಾತ್ರ. ಹಾಕಿಗೆ ಕಟ್ಟಿದ ಬೋಗುಣಿಯೊಳಗೆ ಬಾಸ್ಕೆಟ್‌ಬಾಲ್ ಸಲೀಸಾಗಿ ಕೂರುತ್ತದೆ. ಬಾಸ್ಕೆಟ್‌ಬಾಲ್‌ಗೆ ಕಟ್ಟಿದ್ದರೊಳಗೆ ಹಾಕಿ ತುರುಕಿದರೆ ಫಜೀತಿ. ಬ್ರೂಕ್ಲಿನ್‌ನ ಬಾರ್ಕ್ಲೇಸ್ ಸೆಂಟರ್‌ಗೆ 2015ರಲ್ಲಿ ಐಲ್ಯಾಂಡರ್ಸ್ ತಂಡ ಬಂದಾಗ ಸ್ಕೋರ್‌ಬೋರ್ಡ್ ಅಂಗಳದ ಮಧ್ಯಕ್ಕೆ ಬರದೆ ಪಕ್ಕಕ್ಕೆ ತೂಗುತ್ತಿತ್ತು, ಎಷ್ಟೋ ಸೀಟುಗಳಿಂದ ಗೋಲೇ ಸರಿಯಾಗಿ ಕಾಣುತ್ತಿರಲಿಲ್ಲ. ತಂಡ 2021ರಲ್ಲಿ ತನ್ನದೇ ಅರೀನಾಗೆ ಹೋಯಿತು.

ಇನ್ನು ಸೂರು. ದೊಡ್ಡ ಗಾಯಕರ ಪ್ರವಾಸ ಅಂದರೆ ಈಗ ಹತ್ತಾರು ಟನ್ ಲೈಟು, ಸ್ಪೀಕರು, ಪರದೆ. ಅದೆಲ್ಲ ನಿಲ್ಲುವುದು ನೆಲದ ಮೇಲಲ್ಲ, ಸೂರಿನ ಉಕ್ಕಿಗೆ ನೇತಾಡುತ್ತದೆ. ಸೂರು ಅಷ್ಟು ಭಾರ ಹೊರಬೇಕು.

ಕ್ಯಾಲ್ಗರಿಯ ಹಳೇ ಅರೀನಾ ಸ್ಯಾಡಲ್‌ಡೋಮ್‌ನ ಸಮಸ್ಯೆ ಶುರುವಾಗುವುದೇ ಇಲ್ಲಿ. 1983ರಲ್ಲಿ ತೆರೆದು, 1988ರ ಚಳಿಗಾಲದ ಒಲಿಂಪಿಕ್ಸ್ ನಡೆಸಿದ ಕಟ್ಟಡ. ಹೆಸರೇ ಹೇಳುವಂತೆ ಕುದುರೆ ಜೀನಿನ ಆಕಾರದ ಸೂರು. ಕೇಬಲ್‌ಗಳ ಮೇಲೆ ಕೂತ ತೆಳು ಕಾಂಕ್ರೀಟಿನ ಆ ಬಾಗು ಯಾವ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನೂ ನಿಲ್ಲಿಸಿ ನೋಡಿಸುತ್ತದೆ. ಆದರೆ ಮಧ್ಯದಲ್ಲಿ ತಗ್ಗಾದ ಆ ಸೂರಿಗೆ ಇವತ್ತಿನ ಸಂಗೀತ ಕಾರ್ಯಕ್ರಮಗಳ ಭಾರ ಹೊರುವ ಶಕ್ತಿ ಇಲ್ಲ. ದೊಡ್ಡ ಪ್ರವಾಸಗಳು ಕ್ಯಾಲ್ಗರಿಯನ್ನು ಬಿಟ್ಟು ಎಡ್ಮಂಟನ್‌ಗೆ ಹೋಗುತ್ತವೆ ಎಂಬ ಕೊರಗು ಆ ಊರಿನಲ್ಲಿ ವರ್ಷಗಳಿಂದ ಇದೆ. ಹಾಕಿ ಆಡಲು ಸ್ಯಾಡಲ್‌ಡೋಮ್ ಈಗಲೂ ಸಾಕು, ತಂಡ ಇವತ್ತಿಗೂ ಅಲ್ಲೇ ಆಡುತ್ತಿದೆ. ಹೊಸ ಅರೀನಾದ ಒತ್ತಡದ ದೊಡ್ಡ ಭಾಗ ಹಾಕಿಯಲ್ಲದ ರಾತ್ರಿಗಳಿಂದ ಬಂದದ್ದು.

ಕ್ಯಾಲ್ಗರಿಯ ಒಪ್ಪಂದ

ಈಗ ದುಡ್ಡಿಗೆ ಬರೋಣ. ಕ್ಯಾಲ್ಗರಿ ಫ್ಲೇಮ್ಸ್ ತಂಡದ ಒಡೆತನದ ಕಂಪನಿ ಮತ್ತು ನಗರದ ನಡುವೆ 2019ರಲ್ಲಿ ಒಂದು ಒಪ್ಪಂದ ಆಗಿತ್ತು. ಆಗಿನ ವೆಚ್ಚ 55 ಕೋಟಿ ಕೆನಡಿಯನ್ ಡಾಲರ್, ಅರ್ಧ ಅರ್ಧ ಹಂಚಿಕೆ. ವೆಚ್ಚ 63 ಕೋಟಿ ದಾಟಿದಾಗ ಹೆಚ್ಚುವರಿ ಹೊರೆ ಯಾರದ್ದು ಎಂಬ ಜಗಳ ಎದ್ದು, 2021ರ ಡಿಸೆಂಬರ್‌ನಲ್ಲಿ ಮಾತುಕತೆ ಮುರಿಯಿತು. ಆಗಷ್ಟೇ ಮೇಯರ್ ಆಗಿದ್ದವರು ಪಂಜಾಬಿ ಮೂಲದ ಜ್ಯೋತಿ ಗೊಂಡೆಕ್.

2023ರ ಏಪ್ರಿಲ್‌ನಲ್ಲಿ ಹೊಸ ಒಪ್ಪಂದ ಬಂತು. ಅರೀನಾ ಹಾಗೂ ಸುತ್ತಲಿನ ಕೆಲಸ ಸೇರಿ ಒಟ್ಟು 122 ಕೋಟಿ ಕೆನಡಿಯನ್ ಡಾಲರ್. ನಗರದ ಪಾಲು 53.73 ಕೋಟಿ. ಆಲ್ಬರ್ಟಾ ಪ್ರಾಂತ್ಯದ್ದು 33 ಕೋಟಿ. ತಂಡದ ಕಂಪನಿಯ ಪಾಲು 35 ವರ್ಷಗಳಲ್ಲಿ 35.6 ಕೋಟಿ, ಅದರಲ್ಲಿ ಮುಂಗಡ ಕೇವಲ 4 ಕೋಟಿ, ಉಳಿದದ್ದು ಕಂತು. ಪ್ರಾಂತ್ಯದ ಹಣ ರಸ್ತೆ, ಮೂಲಸೌಕರ್ಯ, ಸಮುದಾಯದ ರಿಂಕ್‌ಗೆ, ಅರೀನಾಗಲ್ಲ ಅಂತ ಮುಖ್ಯಮಂತ್ರಿ ಡೇನಿಯಲ್ ಸ್ಮಿತ್ ಹೇಳಿದರು. ಘೋಷಣೆ ಆದದ್ದು ಪ್ರಾಂತೀಯ ಚುನಾವಣೆಗೆ ಒಂದು ತಿಂಗಳು ಮುಂಚೆ. ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಕಟ್ಟಡದ ಮಾಲೀಕತ್ವ ನಗರದ್ದು. ನಡೆಸುವುದು ತಂಡದ ಕಂಪನಿ. ಆ ಕಂಪನಿಯ ಕೈಯಲ್ಲಿ ಫ್ಲೇಮ್ಸ್ ಮಾತ್ರವಲ್ಲ, ಜೂನಿಯರ್ ಹಾಕಿಯ ಹಿಟ್‌ಮೆನ್, ಲಕ್ರಾಸ್ ಆಟದ ರಫ್‌ನೆಕ್ಸ್ ತಂಡಗಳೂ ಇವೆ. ಆ ಮೂರೂ ಒಂದೇ ಅರೀನಾದಲ್ಲಿ ಆಡುತ್ತವೆ. ಅದರ ಮೇಲೆ ಸಂಗೀತ, ಕುಸ್ತಿ, ಮಕ್ಕಳ ಶೋ. ಕ್ಯಾಲೆಂಡರ್ ಹಿಡಿದವರಿಗೆ ಬಾಡಿಗೆ, ಬಿಯರ್, ತಿಂಡಿ, ಜಾಹೀರಾತು, ಐಷಾರಾಮಿ ಸೂಟ್ ಎಲ್ಲದರಲ್ಲೂ ಕೈ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘದ ಒಪ್ಪಂದದ ಪ್ರಕಾರ ಹಾಕಿಗೆ ಸಂಬಂಧಿಸಿದ ಆದಾಯದಲ್ಲಿ ಅರ್ಧ ಆಟಗಾರರಿಗೆ ಸೇರಬೇಕು. ಸಂಗೀತ ಕಾರ್ಯಕ್ರಮ, ಕುಸ್ತಿ ಶೋಗಳ ಆದಾಯ ಈ ಹಂಚಿಕೆಯ ಹೊರಗೆ. ಅಂದರೆ ಹಾಕಿ ರಾತ್ರಿಯ ಪ್ರತಿ ಡಾಲರ್‌ನಲ್ಲಿ ಅರ್ಧ ಆಟಗಾರರ ಪಾಲು, ಹಾಡಿನ ರಾತ್ರಿಯ ಡಾಲರ್‌ನಲ್ಲಿ ಅವರಿಗೆ ಪಾಲಿಲ್ಲ. ಅಲ್ಲಿ ಗಾಯಕರಿಗೆ, ಆಯೋಜಕರಿಗೆ ಕೊಡಬೇಕಾದದ್ದು ಕೊಟ್ಟ ಮೇಲೆ ಉಳಿದದ್ದು ಅರೀನಾ ನಡೆಸುವವರದ್ದು. ತಂಡಗಳ ಮಾಲೀಕರು ಅರೀನಾ ನಡೆಸುವ ಹಕ್ಕಿಗೆ ಯಾಕೆ ಇಷ್ಟು ಪಟ್ಟು ಹಿಡಿಯುತ್ತಾರೆ ಅನ್ನೋದು ಈಗ ಗೊತ್ತಾಯ್ತಲ್ಲ?

ಹಾಕಿ ಹೋದ ಊರು, ಹಾಕಿ ಬರದ ಊರು

"ತಂಡ ಹೋದರೆ ಅರೀನಾ ಬಿಳಿಯಾನೆ ಆಗುತ್ತೆ" ಎಂಬ ಬೆದರಿಕೆ ಎಲ್ಲ ನಗರಸಭೆಗಳೂ ಕೇಳಿರುವಂಥದ್ದು. ಅರಿಜೋನಾದ ಗ್ಲೆಂಡೇಲ್ ಇದಕ್ಕೆ ಕೊಟ್ಟ ಉತ್ತರ ಓದುವಂತಿದೆ.

ಫೀನಿಕ್ಸ್ ಪಕ್ಕದ ಮರಳುಗಾಡಿನ ಈ ನಗರದ ಜನಸಂಖ್ಯೆ ಎರಡೂವರೆ ಲಕ್ಷದಷ್ಟು. 2003ರಲ್ಲಿ ಕೊಯೋಟೀಸ್ ಹಾಕಿ ತಂಡಕ್ಕಾಗಿ ಅರೀನಾ ಕಟ್ಟಿತು. ವೆಚ್ಚ 22 ಕೋಟಿ ಡಾಲರ್, ಅದರಲ್ಲಿ ನಗರದ್ದೇ 18 ಕೋಟಿ. 2009ರಲ್ಲಿ ತಂಡ ದಿವಾಳಿ ಅರ್ಜಿ ಹಾಕಿತು. ಲೀಗ್ ತಂಡವನ್ನು ತನ್ನ ಕೈಗೆ ತೆಗೆದುಕೊಂಡ ಮೇಲೆ, ಅದು ಊರು ಬಿಡದಿರಲಿ ಅಂತ ನಗರ ಎರಡು ವರ್ಷ ತಲಾ 2.5 ಕೋಟಿ ಡಾಲರ್ ಕೊಟ್ಟಿತು. 2013ರಲ್ಲಿ ಹೊಸ ಮಾಲೀಕರ ಜೊತೆ ವರ್ಷಕ್ಕೆ 1.5 ಕೋಟಿ ಡಾಲರ್‌ನಂತೆ 15 ವರ್ಷದ ಒಪ್ಪಂದ. ನೆಪ ಅರೀನಾ ನಿರ್ವಹಣೆ. ನಗರವೇ ಕಟ್ಟಿದ ಕಟ್ಟಡದಲ್ಲಿ ಆಡುವುದಕ್ಕೆ ನಗರವೇ ತಂಡಕ್ಕೆ ಹಣ ಕೊಡುತ್ತಿತ್ತು.

2015ರಲ್ಲಿ ನಗರಸಭೆ ಆ ಒಪ್ಪಂದ ರದ್ದು ಮಾಡಲು ಮತ ಹಾಕಿತು. ಮರುವರ್ಷ ನಿರ್ವಹಣೆಯನ್ನು ತಂಡದಿಂದ ಬಿಡಿಸಿ ವೃತ್ತಿಪರ ಕಂಪನಿಗೆ ಕೊಟ್ಟಿತು. ಕ್ಯಾಲೆಂಡರ್ ತಂಡದ ಕೈ ತಪ್ಪಿದ್ದು ಆಗ. 2021ರ ಆಗಸ್ಟ್‌ನಲ್ಲಿ ನಗರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಆ ಸೀಸನ್ ಮುಗಿದ ಮೇಲೆ ತಂಡಕ್ಕೆ ಅರೀನಾ ಕೊಡುವುದಿಲ್ಲ, ಹೆಚ್ಚು ಲಾಭ ತರುವ ದೊಡ್ಡ ಕಾರ್ಯಕ್ರಮಗಳೇ ಸಾಕು. ತಂಡ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ 5,000 ಸೀಟಿನ ಸಣ್ಣ ಅರೀನಾದಲ್ಲಿ ಎರಡು ಸೀಸನ್ ಕಳೆದು, 2024ರಲ್ಲಿ ಯೂಟಾಗೆ ಹೊರಟುಹೋಯಿತು. ಗ್ಲೆಂಡೇಲ್‌ನ ಕಟ್ಟಡ ಬೇರೆ ಹೆಸರಿನಲ್ಲಿ ಸಂಗೀತ ಕಾರ್ಯಕ್ರಮ ನಡೆಸಿಕೊಂಡು ಹೋಗುತ್ತಿದೆ.

ಕ್ವಿಬೆಕ್ ನಗರದ್ದು ತಿರುಗುಮುರುಗು ಕತೆ. 1995ರಲ್ಲಿ ಕಳೆದುಕೊಂಡ ಎನ್‌ಎಚ್‌ಎಲ್ ತಂಡ ಮರಳಿ ಬರಲಿ ಅಂತ ಸಾರ್ವಜನಿಕ ಹಣದಲ್ಲಿ ಸುಮಾರು 37 ಕೋಟಿ ಕೆನಡಿಯನ್ ಡಾಲರ್‌ನ ವಿಡಿಯೋಟ್ರಾನ್ ಸೆಂಟರ್ ಕಟ್ಟಿದರು. 2015ರ ಸೆಪ್ಟೆಂಬರ್‌ನಲ್ಲಿ ಮೆಟಾಲಿಕಾ ಬ್ಯಾಂಡ್ ಕಾರ್ಯಕ್ರಮ ಕೊಟ್ಟಿತು. ಎನ್‌ಎಚ್‌ಎಲ್ ತಂಡ ಮಾತ್ರ ಬಂದಿಲ್ಲ. ಜೂನಿಯರ್ ಹಾಕಿ ತಂಡ ಆಡುತ್ತದೆ, ಸಂಗೀತ ನಡೆಯುತ್ತದೆ. 2024ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ತಂಡ ಬಂದು ಎರಡು ಅಭ್ಯಾಸ ಪಂದ್ಯ ಆಡಲು ಪ್ರಾಂತ್ಯ ಸರ್ಕಾರ 50ರಿಂದ 70 ಲಕ್ಷ ಡಾಲರ್ ಮೀಸಲಿಟ್ಟಿತು. ಎರಡೇ ಎರಡು ರಾತ್ರಿಗೆ. ಶಿಕ್ಷಕರು, ನರ್ಸ್‌ಗಳು ಸಂಬಳದ ಹೋರಾಟದಲ್ಲಿದ್ದ ಹೊತ್ತಿನಲ್ಲೇ ಇದು ಘೋಷಣೆಯಾಗಿ ದೊಡ್ಡ ಗಲಾಟೆಯಾಯಿತು.

ಭಾರತೀಯ ಮೂಲದವರು ದೊಡ್ಡ ಸಂಖ್ಯೆಯಲ್ಲಿರುವ ಬ್ರಿಟಿಷ್ ಕೊಲಂಬಿಯಾದ ಅಬಟ್ಸ್‌ಫೋರ್ಡ್ ಕೂಡ ಇಂಥದೇ ಪಾಠ ಕಲಿತ ಊರು. ಎರಡನೇ ದರ್ಜೆಯ ಹಾಕಿ ತಂಡವೊಂದಕ್ಕೆ ವರ್ಷಕ್ಕೆ 57 ಲಕ್ಷ ಡಾಲರ್ ಆದಾಯದ ಖಾತರಿ ಕೊಟ್ಟು, ಕಮ್ಮಿ ಬಿದ್ದರೆ ನಗರವೇ ತುಂಬಿಕೊಡುವ ಹತ್ತು ವರ್ಷದ ಒಪ್ಪಂದ ಮಾಡಿಕೊಂಡಿತು. ಜನ ಬರಲಿಲ್ಲ. 2014ರಲ್ಲಿ, ಐದನೇ ಸೀಸನ್ ಮುಗಿಸಿ, 55 ಲಕ್ಷ ಡಾಲರ್ ಕೊಟ್ಟು ಒಪ್ಪಂದದಿಂದ ಬಿಡಿಸಿಕೊಂಡಿತು. ತಂಡದ ರಾತ್ರಿಗಳ ನಷ್ಟವನ್ನು ನಗರ ಹೊರುವ, ಉಳಿದ ರಾತ್ರಿಗಳ ಲಾಭದ ಬಗ್ಗೆ ಯಾರೂ ಮಾತಾಡದ ಒಪ್ಪಂದ ಎಲ್ಲಿಗೆ ಒಯ್ಯುತ್ತದೆ ಅನ್ನೋದಕ್ಕೆ ಇದು ಉದಾಹರಣೆ.

ಕೊನೆಯದಾಗಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಅದು ಖಾಸಗಿ ಒಡೆತನದ್ದು. ಆದರೆ 1982ರಿಂದ ಅದಕ್ಕೆ ಆಸ್ತಿ ತೆರಿಗೆ ಇಲ್ಲ. ನಗರಕ್ಕೆ ಖೋತಾ ಆಗುತ್ತಿರುವುದು ಈಗ ವರ್ಷಕ್ಕೆ 4 ಕೋಟಿ ಡಾಲರ್‌ಗೂ ಹೆಚ್ಚು. ವಿನಾಯಿತಿಯ ಷರತ್ತು: ನಿಕ್ಸ್ ಬಾಸ್ಕೆಟ್‌ಬಾಲ್ ತಂಡ ಮತ್ತು ರೇಂಜರ್ಸ್ ಹಾಕಿ ತಂಡ ಅಲ್ಲೇ ಆಡಬೇಕು. ಇತ್ತ ಗಾಯಕ ಬಿಲ್ಲಿ ಜೋಯೆಲ್ 2014ರಿಂದ 2024ರ ಜುಲೈವರೆಗೆ, ಕೋವಿಡ್ ಕಾಲ ಬಿಟ್ಟು, ಬಹುತೇಕ ತಿಂಗಳಿಗೊಂದರಂತೆ ಅಲ್ಲಿ ಹಾಡಿದರು. ವಿನಾಯಿತಿ ಸಿಕ್ಕಿದ್ದು ತಂಡಗಳ ಹೆಸರಿನಲ್ಲಿ, ಅದರ ಲಾಭ ಹಾಡಿನ ರಾತ್ರಿಗೂ, ಭಾಷಣದ ರಾತ್ರಿಗೂ.

ಮತ್ತೊಂದು ಕಡೆಯ ಮಾತು

ತಂಡದ ಮಾಲೀಕರ ವಾದದಲ್ಲಿ ಹುರುಳೇ ಇಲ್ಲ ಅಂತಲ್ಲ. 41 ಖಚಿತ ದಿನಾಂಕಗಳಿದ್ದರೆ ಕಟ್ಟಡದ ಸಿಬ್ಬಂದಿಗೆ, ಅಂಗಡಿಗಳಿಗೆ, ಸೂಟ್ ಕೊಳ್ಳುವ ಕಂಪನಿಗಳಿಗೆ ಒಂದು ಭರವಸೆ. ಸಂಗೀತದ ಪ್ರವಾಸಗಳು ಒಂದು ವರ್ಷ ಇರುತ್ತವೆ, ಒಂದು ವರ್ಷ ಇರುವುದಿಲ್ಲ, ಕೋವಿಡ್ ಬಂದಾಗ ಪೂರ್ತಿ ನಿಂತವು. ಊರಿನ ಹೆಮ್ಮೆಗೆ ಬೆಲೆ ಕಟ್ಟೋಕಾಗಲ್ಲ ಅನ್ನುವುದೂ ಸರಿಯೇ. ಆರು ತಿಂಗಳು ಹಿಮ ಬೀಳುವ ಊರಿನಲ್ಲಿ ಜನ ಒಟ್ಟಿಗೆ ಸೇರುವ ಜಾಗ ಅದೊಂದೇ.

ಹೆಮ್ಮೆ ಬೇರೆ, ಆರ್ಥಿಕ ಲಾಭ ಬೇರೆ. ಅರ್ಥಶಾಸ್ತ್ರಜ್ಞರಾದ ಜಾನ್ ಚಾರ್ಲ್ಸ್ ಬ್ರಾಡ್‌ಬರಿ, ಡೆನ್ನಿಸ್ ಕೋಟ್ಸ್, ಬ್ರಾಡ್ ಹಂಫ್ರೀಸ್ ಮೂರು ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಹೇಳಿದ್ದು, ಕ್ರೀಡಾಂಗಣಗಳಿಂದ ಸ್ಥಳೀಯ ಆರ್ಥಿಕತೆಗೆ ಸಿಗುವ ಲಾಭ ಸರ್ಕಾರ ಕೊಡುವ ಸಬ್ಸಿಡಿಯನ್ನು ಸಮರ್ಥಿಸುವಷ್ಟಿಲ್ಲ ಅಂತ. ಕಾರಣ ಸರಳ. ಪಂದ್ಯಕ್ಕೆ ಖರ್ಚು ಮಾಡುವ ಊರಿನವರು ಆ ದುಡ್ಡನ್ನು ಇಲ್ಲದಿದ್ದರೆ ಅದೇ ಊರಿನ ಹೋಟೆಲ್ಲು, ಸಿನಿಮಾಗೆ ಖರ್ಚು ಮಾಡುತ್ತಿದ್ದರು.

ಇನ್ನೊಂದು ದಿನದ ನೆನಪೂ ಇರಲಿ. 2021ರ ಜೂನ್ 27ರಂದು ಟೊರಾಂಟೊದ ಸ್ಕೋಶಿಯಾಬ್ಯಾಂಕ್ ಅರೀನಾದಲ್ಲಿ ಒಂದೇ ದಿನ 26,771 ಕೋವಿಡ್ ಲಸಿಕೆ ಹಾಕಿದರು. ಆ ದಿನ ಅದು ಊರಿನ ಆಸ್ತಿಯಂತೆ ಕೆಲಸ ಮಾಡಿತು. ಖಾಸಗಿ ಅರೀನಾದಲ್ಲಿ ಅದು ಸೌಜನ್ಯ. ಸಾರ್ವಜನಿಕ ಹಣದ ಅರೀನಾದಲ್ಲಿ ಅಂಥ ದಿನಗಳು ಒಪ್ಪಂದದಲ್ಲೇ ಬರೆದಿರಬೇಕು.

ಹಾಗಾಗಿ ನಗರಗಳು ಕೇಳಬೇಕಾದದ್ದು ನಾಲ್ಕು ಪ್ರಶ್ನೆ. ವರ್ಷದ ಕ್ಯಾಲೆಂಡರ್ ಯಾರ ಕೈಯಲ್ಲಿ? ಆಟವಲ್ಲದ ರಾತ್ರಿಗಳ ಆದಾಯದಲ್ಲಿ ನಗರಕ್ಕೆ ಎಷ್ಟು ಪಾಲು? ಶಾಲೆ, ಸ್ಥಳೀಯ ಕಲಾವಿದರು, ತುರ್ತು ಪರಿಸ್ಥಿತಿಗೆ ಎಷ್ಟು ದಿನ ಮೀಸಲು? ತಂಡ ಹೊರಟುಹೋದರೆ ಕಟ್ಟಡದ ಸಾಲ ಯಾರ ತಲೆಗೆ? ಇವಕ್ಕೆ ಉತ್ತರ ಇಲ್ಲದ ಒಪ್ಪಂದದಲ್ಲಿ ನಗರ ಮಾಲೀಕ ಅನ್ನಿಸಿಕೊಳ್ಳುವುದು ಬರೀ ಕಾಗದದ ಮೇಲೆ.

ನಮ್ಮ ಕಡೆಗೆ

ಮಂಜಿನ ಹಾಕಿ ನಮ್ಮಲ್ಲೂ ಇದೆ. ಲಡಾಖಿನ ಹೆಪ್ಪುಗಟ್ಟಿದ ಕೊಳಗಳ ಮೇಲೆ ಆಡಿ ಬೆಳೆದ ಹುಡುಗಿಯರೇ ಬಹುತೇಕ ಇರುವ ಭಾರತದ ಮಹಿಳಾ ತಂಡ 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು ಗೆದ್ದಿತು. ಆದರೆ 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಡೆಹ್ರಾಡೂನಿನಲ್ಲಿ ಕಟ್ಟಿದ ಮುಚ್ಚಿದ ಐಸ್ ರಿಂಕ್, ಕೂಟ ಮುಗಿದ ಮೇಲೆ ಬೀಗ ಬಿದ್ದು, ಮತ್ತೆ ಸರಿಯಾಗಿ ತೆರೆದದ್ದು 2025ರಲ್ಲಿ. ಒಂದು ಕೂಟಕ್ಕೆ ಕಟ್ಟಿ, ಉಳಿದ ದಿನಗಳಿಗೆ ಯೋಜನೆ ಇಲ್ಲದಿದ್ದರೆ ಹೀಗಾಗುತ್ತದೆ. ಚಿಲ್ಲರ್ ಓಡಿಸುವ ಕರೆಂಟ್ ಬಿಲ್ ದೇಶಪ್ರೇಮದಿಂದ ಕಟ್ಟೋಕಾಗಲ್ಲ.

ಬೆಂಗಳೂರಿಗೂ ಈ ಲೆಕ್ಕ ಅನ್ವಯಿಸುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮೇಲೆ, ಆನೇಕಲ್ ಕಡೆಯ ಸೂರ್ಯನಗರದಲ್ಲಿ ಗೃಹ ಮಂಡಳಿಯ ಮೂಲಕ 80,000 ಸೀಟಿನ ಹೊಸ ಕ್ರಿಕೆಟ್ ಕ್ರೀಡಾಂಗಣದ ಪ್ರಸ್ತಾವ ಮುನ್ನೆಲೆಗೆ ಬಂತು. ಅಂದಾಜು 1,650 ಕೋಟಿ ರೂಪಾಯಿ. ಹೆಚ್ಚು ಜಾಗ, ಹೆಚ್ಚು ಬಾಗಿಲು ಬೇಕು ಅನ್ನೋದರಲ್ಲಿ ತಕರಾರಿಲ್ಲ. ಆದರೆ ಐಪಿಎಲ್‌ನ ಲೀಗ್ ಹಂತದಲ್ಲಿ ಆರ್‌ಸಿಬಿ ತವರಿನಲ್ಲಿ ಆಡುವುದು ಏಳು ಪಂದ್ಯ. ಹಾಕಿಯ 41 ರಾತ್ರಿಯೇ ಕಮ್ಮಿ ಅನ್ನುತ್ತಿದ್ದೆವು. ಇಲ್ಲಿ ಏಳು. ಕೆಲವು ಅಂತಾರಾಷ್ಟ್ರೀಯ ಪಂದ್ಯ, ರಣಜಿ ದಿನಗಳನ್ನು ಸೇರಿಸಿದರೂ ವರ್ಷದ ಮುಕ್ಕಾಲು ಪಾಲಿಗೂ ಹೆಚ್ಚು ದಿನ ಆಟ ಇರುವುದಿಲ್ಲ.

ಆ ದಿನಗಳಲ್ಲಿ ಅಲ್ಲಿ ಏನು ನಡೆಯುತ್ತೆ, ಯಾರು ನಡೆಸ್ತಾರೆ, ಸಂಗೀತ ಕಾರ್ಯಕ್ರಮದ ಬಾಡಿಗೆ ಯಾರ ಖಾತೆಗೆ ಹೋಗುತ್ತೆ, ಸುತ್ತಲಿನ ಹಳ್ಳಿಯ ಮಕ್ಕಳಿಗೆ ಒಳಗೆ ಕಾಲಿಡಲು ಬಿಡ್ತಾರಾ? ಟೆಂಡರ್ ಕರೆಯುವ ಮುಂಚೆ ಈ ಉತ್ತರಗಳನ್ನು ಬರಹದಲ್ಲಿ ಕೇಳಬೇಕು. ಗ್ಲೆಂಡೇಲ್‌ಗೆ ಇದನ್ನು ಕೇಳುವ ಧೈರ್ಯ ಬರಲು ಅರೀನಾ ತೆರೆದ ಮೇಲೆ ಹನ್ನೆರಡು ವರ್ಷ ಹಿಡಿಯಿತು. ನಮ್ಮಲ್ಲಿ ಇನ್ನೂ ಕಟ್ಟಡ ಎದ್ದಿಲ್ಲ, ಕೇಳೋಕೆ ಇದೇ ಸರಿಯಾದ ಹೊತ್ತು.